ಬರ್ತೀನಿ ಅಂದವಳ ಪಹರೆ

ಊರಿನ ಒಂದು ಓಣಿಯಲ್ಲಿ ಕಣ್ಣಿಲ್ಲದ ಒಬ್ಬರ ಕೋಲಿಗೆ ತಗ್ಗು ತಾಕಿದ ಕೂಡಲೇ, ಊರಿನಲ್ಲಿರುವ ಅಂಥ ಎಲ್ಲ ಕೋಲುಗಳಿಗೂ ಅದು ಗೊತ್ತಾಗಿಬಿಟ್ಟರೆ ಹೇಗಿರುತ್ತೆ? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ಕಣ್ಗೋಲು. ಹುಟ್ಟಿಸಿದವರು ಯಾವ ಕಂಪನಿಯವರೂ ಅಲ್ಲ. ಹಗಲು ತಮ್ಮ ತಮ್ಮ ಹೊಟ್ಟೆಪಾಡು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬರೆದು, ಬರೆದದ್ದನ್ನೆಲ್ಲ ‘ಯಾರಿಗೆ ಬೇಕೋ ತಗೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ’ ಎಂದು ಊರ ಮುಂದೆ ಇಟ್ಟ ಕೆಲವು ಮಂದಿ. ಹುಚ್ಚರು ಅಂದವರೂ ಉಂಟು. ಹುಚ್ಚರೇ ಇರಬೇಕು, ಇಲ್ಲದಿದ್ದರೆ ಭಾನುವಾರವೂ ಸರ್ವರ್ ಕಾಯುತ್ತಾ ಯಾರು ಕೂರುತ್ತಾರೆ?

ಕೋಲಿನ ಕೆಲಸ ಇಷ್ಟೇ. ತುದಿಯಿಂದ ಒಂದು ಕೇಳಿಸದ ದನಿ ಹೊರಡುತ್ತದೆ, ನೆಲಕ್ಕೆ ಬಡಿದು ವಾಪಸ್ ಬರುತ್ತದೆ, ಮುಂದಿರುವುದು ಕಲ್ಲೋ ತಗ್ಗೋ ಎಂದು ಕಿವಿಯಲ್ಲಿ ಹೇಳುತ್ತದೆ. ಆದರೆ ಆ ದನಿಗೆ ನೀರು ಅಂದರೆ ಮೋಸ. ನೀರು ತುಂಬಿದ ತಗ್ಗೂ ಅದಕ್ಕೆ ಸಪಾಟು ನೆಲವೇ. ಯಾರದಾದರೂ ಕೋಲು ಆ ನೀರಿನೊಳಗೆ ಮುಳುಗಿದಾಗಲೇ ಗುಟ್ಟು ಗೊತ್ತಾಗುವುದು. ಗೊತ್ತಾದದ್ದನ್ನು ಕೋಲು ಸರ್ವರಿಗೆ ಕಳಿಸುತ್ತದೆ, ಸರ್ವರು ಎಲ್ಲ ಕೋಲುಗಳಿಗೆ ಸಾರುತ್ತದೆ. ಹೀಗೆ ಒಬ್ಬರು ಎಡವಿದರೆ ಉಳಿದವರೆಲ್ಲ ಉಳಿದುಕೊಳ್ಳುತ್ತಿದ್ದರು.

ಹುಬ್ಬಳ್ಳಿಯ ಕೋಲುಗಳು ಹುಬ್ಬಳ್ಳಿಯ ಮಾತನ್ನೇ ಆಡುತ್ತಿದ್ದವು. ದಾರಿ ಚೆನ್ನಾಗಿದ್ದರೆ ‘ಹಸನ’ ಅನ್ನುತ್ತಿದ್ದವು. ಮೊದಮೊದಲು ಸುದ್ದಿ ಬರದ ಕಡೆಯಲ್ಲಿ ‘ಗೊತ್ತಿಲ್ಲ’ ಅನ್ನುತ್ತಿದ್ದವು. ಅದಕ್ಕೆ ತಕರಾರು ತೆಗೆದವರು ಹಳೇ ಹುಬ್ಬಳ್ಳಿಯ ದಾವಲಸಾಬ ನದಾಫ. ಗಾದಿ ಹೊಲಿಯುವವರು, ಹುಟ್ಟಿನಿಂದ ಕಣ್ಣಿಲ್ಲ, ಬಾಯಿಗೆ ಮಾತ್ರ ಯಾವ ಕೊರತೆಯೂ ಇಲ್ಲ. ವಾರಕ್ಕೊಮ್ಮೆಯಾದರೂ ಫೋನಿನಲ್ಲಿದ್ದ ಕಣ್ಗೋಲಿನ ಗುಂಪಿಗೆ ಅವರ ದನಿ ಬಂದು ಬೀಳುತ್ತಿತ್ತು. ‘ನಿಮ್ಮ ಕೋಲು ಎಮ್ಮಿ ಅಡ್ಡ ಬಂದ್ರ ಬಸ್ಸು ಬಂತು ಅಂತೈತ್ರಿ, ನಾ ಯಾವದಕ್ಕ ಕೈ ಮಾಡ್ಲಿ?’ ಅಂತ ಒಮ್ಮೆ. ‘ಹೆಜ್ಜಿಗೊಮ್ಮೆ ಗೊತ್ತಿಲ್ಲ ಗೊತ್ತಿಲ್ಲ ಅಂತ ಒದರತೈತಿ, ಗೊತ್ತಿಲ್ಲಂದ್ರ ಬಾಯಿ ಮುಚ್ಚಿಕೊಂಡು ಇರಾಕ ಏನು ಧಾಡಿ?’ ಅಂತ ಇನ್ನೊಮ್ಮೆ. ಎಲ್ಲರೂ ನಕ್ಕರು. ನಕ್ಕು, ಸುದ್ದಿ ಇಲ್ಲದ ಕಡೆಯಲ್ಲೂ ‘ಹಸನ’ ಅನ್ನುವಂತೆ ತಿದ್ದಿದರು. ತಿದ್ದಿದವಳು ನೀಲಾಂಬಿಕಾ ಹೆಬಸೂರ.

ನೀಲಾ ಧಾರವಾಡದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಳು. ಕಣ್ಗೋಲಿನ ಸರ್ವರು ಇದ್ದದ್ದೂ ಅಲ್ಲೇ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ. ಪ್ರಿನ್ಸಿಪಾಲರ ಕೈಕಾಲು ಹಿಡಿದು ಜಾಗ ಮಾಡಿಸಿಕೊಂಡಿದ್ದಳು. ಸರ್ವರು ಕಾಯುವವರು ನಾಲ್ಕಾರು ಮಂದಿ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ, ಪಾಳಿಯ ಮೇಲೆ ಪಹರೆ. ಪಾಳಿ ಯಾರದೆಂದು ನೆನಪಿಟ್ಟುಕೊಳ್ಳಲು ನೀಲಾನೇ ಒಂದು ಸಣ್ಣ ಪ್ರೋಗ್ರಾಮ್ ಬರೆದು ಅದಕ್ಕೆ ‘ಹವಾಲ್ದಾರ’ ಅಂತ ಹೆಸರಿಟ್ಟಿದ್ದಳು. ಹವಾಲ್ದಾರನಿಗೆ ತಿಳಿಯುತ್ತಿದ್ದದ್ದು ಮೂರೇ ಮಾತು. ಗುಂಪಿನಲ್ಲಿ ‘ಕುಂತೆ’ ಅಂತ ಟೈಪ್ ಮಾಡಿದರೆ ಪಹರೆ ನಿಮ್ಮದು. ‘ಹೊಂಟೆ’ ಅಂದರೆ ನಿಮ್ಮ ಪಹರೆ ಮುಗಿಯಿತು, ಮುಂದಿನವರನ್ನು ಕರೆಯುತ್ತಾನೆ. ‘ಬರ್ತೀನಿ’ ಅಂದರೆ ಚಹಾಕ್ಕೋ ಸ್ನಾನಕ್ಕೋ ಎದ್ದಿದ್ದೀರಿ ಎಂದು ಅರ್ಥ, ನೀವು ಬರುವ ತನಕ ಪಹರೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ಎಷ್ಟು ಹೊತ್ತಿನ ತನಕ? ಅದಕ್ಕೊಂದು ಮಿತಿ ಇಡಬೇಕೆಂದು ನೀಲಾಗೆ ಹೊಳೆಯಲೇ ಇಲ್ಲ. ಬರ್ತೀನಿ ಅಂದವರು ಬರದೆ ಎಲ್ಲಿ ಹೋಗುತ್ತಾರೆ?

ಆ ಭಾನುವಾರ ಅಣ್ಣಿಗೇರಿಯಲ್ಲಿ ಅವಳ ತಮ್ಮ ಮಹಾಂತೇಶನ ಕೂಸಿನ ತೊಟ್ಟಿಲು. ಸೋದರತ್ತೆ ಇವಳೇ, ಕಿವಿಯಲ್ಲಿ ಹೆಸರು ಹೇಳಬೇಕಾದವಳೂ ಇವಳೇ. ಬೆಳಗಿನ ಪಹರೆ ಅವಳದಿತ್ತು, ಅಲ್ಲಿಂದ ಮುಂದಿನದು ಮಂಗಳೂರಿನ ಲೋಬೋ ಅವರದು. ಕಾರು ಬಾಗಿಲಿಗೆ ಬಂದಿತ್ತು. ಅವ್ವ ತೊಟ್ಟಿಲ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನೀಲಾಗೆ ಟೈಪ್ ಮಾಡುವಾಗ ಬಾಯಲ್ಲೂ ಹೇಳಿಕೊಳ್ಳುವ ಚಾಳಿ. ಲ್ಯಾಪ್‌ಟಾಪಿನ ಮೇಲೆ ಬಗ್ಗಿ, “ಹೊಂಟೆ” ಅಂದಳು.

“ಏನಂದಿ?” ಅವ್ವನ ಹುಬ್ಬು ಗಂಟಾಯಿತು. “ಕೂಸಿನ ಹೆಸರಿಡಾಕ ಹೋಗೂ ಹೊತ್ತಿನ್ಯಾಗ ಹೊಂಟೆ ಅಂತಾರೇನ? ಬರ್ತೀನಿ ಅನ್ನು.”

“ಅವ್ವಾ, ನಿನಗಲ್ಲ ಅಂದದ್ದು, ಕಂಪ್ಯೂಟರಿಗೆ.”

“ಯಾರಿಗರ ಆಗ್ಲಿ. ಬಾಯಿಂದ ಬಂತಲ್ಲ. ಮೊದಲ ಬರ್ತೀನಿ ಅನ್ನು, ಆಮ್ಯಾಲ ಹೊಸ್ತಿಲಾ ದಾಟು.”

ಅವ್ವನ ಜೊತೆ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಇಲ್ಲ. ನೀಲಾ ಬರೆದದ್ದನ್ನು ಅಳಿಸಿ, ಅವ್ವನಿಗೆ ಕೇಳುವಂತೆ “ಬರ್ತೀನಿ” ಎನ್ನುತ್ತಾ, ಅದನ್ನೇ ಟೈಪ್ ಮಾಡಿ ಒತ್ತಿದಳು. ಒತ್ತಿದ ಮರುಕ್ಷಣ ತಪ್ಪು ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಆಮೇಲೆ ಯಾರ ಹತ್ತಿರವೂ ಅವಳು ಹೇಳಲಿಲ್ಲ, ಅಷ್ಟು ಮಾತ್ರ ಅವಳ ಪುಣ್ಯ. ಕಾರಿನಲ್ಲಿ ಕೂತು ಫೋನಿನಿಂದ ಸರಿ ಮಾಡಿದರಾಯಿತು ಅಂದುಕೊಂಡಳು. ಕಾರಿನಲ್ಲಿ ಕೂತ ಮೇಲೆ ಹೆಸರಿನ ಚರ್ಚೆ ಶುರುವಾಯಿತು, ಚಿನ್ಮಯಿಯೋ ಚಿನ್ಮಯಿಯಲ್ಲವೋ ಎಂದು. ಹುಬ್ಬಳ್ಳಿ ದಾಟುವಷ್ಟರಲ್ಲಿ ಹವಾಲ್ದಾರ ಅವಳ ತಲೆಯಿಂದ ಇಳಿದು ಹೋಗಿದ್ದ.

ತೊಟ್ಟಿಲ ಮನೆಯಲ್ಲಿ ಹೆಂಗಸರು ಕಾಲಿಡಲು ಜಾಗವಿಲ್ಲದಂತೆ ಕೂತಿದ್ದರು. ನೀಲಾ ಫೋನಿನ ದನಿ ಅಡಗಿಸಿ, ಕೈಚೀಲದೊಳಗಿಟ್ಟು, ಚೀಲವನ್ನು ಕಪಾಟಿನಲ್ಲಿಟ್ಟಳು. ಕೂಸಿನ ಕಿವಿಯ ಹತ್ತಿರ ಬಾಯಿ ತಂದು ‘ಕುರ್‌ರ್‌ರ್’ ಅಂದು, ಚಿನ್ಮಯಿ ಅಂತ ಹೆಸರು ಹೇಳಿದಳು. ಹೇಳಿದ್ದೇ ತಡ, ಸುತ್ತಲಿನ ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಗುದ್ದಿದ್ದು ಸುಮ್ಮನೆ ಗುದ್ದಲ್ಲ, ಹಳೇ ಸಿಟ್ಟೆಲ್ಲ ತೀರಿಸಿಕೊಳ್ಳುವ ಹಾಗೆ. ನೀಲಾ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಆ ಹೊತ್ತಿನಲ್ಲಿ ಅವಳಷ್ಟು ಸುಖಿ ಅಣ್ಣಿಗೇರಿಯಲ್ಲಿ ಯಾರೂ ಇರಲಿಲ್ಲ.

ಅದೇ ಹೊತ್ತಿನಲ್ಲಿ ಧಾರವಾಡದ ಕೋಣೆಯಲ್ಲಿ ಸರ್ವರಿನ ಡಿಸ್ಕು ತುಂಬಿತು, ಹೊಸ ಸುದ್ದಿ ಯಾವ ಕೋಲಿಗೂ ಹೋಗದೆ ನಿಂತಿತು. ಹಳೇ ಸುದ್ದಿಗಳನ್ನು ಅಳಿಸಿ ಜಾಗ ಮಾಡಿದರೆ ಮುಗಿಯುವ ಸಣ್ಣ ಕೆಲಸ, ಪಹರೆಯವರು ತಿಂಗಳಿಗೊಮ್ಮೆ ಮಾಡುವಂಥದ್ದೇ. ಹವಾಲ್ದಾರ ನೀಲಾಳನ್ನು ಕರೆದ. ಮತ್ತೆ ಕರೆದ. ಬೇರೆ ಯಾರನ್ನೂ ಕರೆಯಲಿಲ್ಲ, ಬರ್ತೀನಿ ಅಂದಿದ್ದಾಳಲ್ಲ. ಮಂಗಳೂರಿನಲ್ಲಿ ಲೋಬೋ ಪರದೆ ತೆರೆದು ನೋಡಿದರು. ‘ಪಹರೆ: ನೀಲಾ, ಬರ್ತಾರೆ’ ಎಂದು ತೋರಿಸುತ್ತಿತ್ತು. ಸರಿ, ಇವತ್ತು ನೀಲಾ ಜಾಸ್ತಿ ಹೊತ್ತು ಕೂರುತ್ತಾರೆ ಅಂದುಕೊಂಡು ಅವರು ಮೀನು ತರಲು ಹೋದರು.

ನೀಲಾ ಫೋನ್ ಹೊರತೆಗೆದದ್ದು ಊಟ ಮುಗಿದು, ಎಲೆ ಅಡಿಕೆ ಆದ ಮೇಲೆ. ಪರದೆ ತುಂಬಾ ಹವಾಲ್ದಾರನ ಕೆಂಪು ಕರೆಗಳು. ಕೈ ತೊಳೆಯುವ ಕಟ್ಟೆಯ ಹತ್ತಿರವೇ ನಿಂತು, ಫೋನಿನಲ್ಲೇ ಡಿಸ್ಕು ಖಾಲಿ ಮಾಡಿದಳು. ಕಟ್ಟಿಕೊಂಡಿದ್ದ ಸುದ್ದಿಗಳೆಲ್ಲ ಒಮ್ಮೆಲೇ ಹರಿದವು. ಹಳೇ ಹುಬ್ಬಳ್ಳಿ, ಕಿರಾಣಿ ಅಂಗಡಿಗಳ ಓಣಿ, ನೀರು ತುಂಬಿದ ತಗ್ಗು, ಆಳ ಜಾಸ್ತಿ, ಯಾರೂ ಕಾಲಿಡಬೇಡಿ. ಯಾರೋ ಹೆಣ್ಣುಮಗಳೊಬ್ಬಳ ಕೋಲು ಕಂಡುಹಿಡಿದದ್ದು. ಅದರ ಕೆಳಗೇ, ಅದೇ ಓಣಿ, ದಾವಲಸಾಬ ನದಾಫ ಅವರ ಕೋಲು. ಕೋಲು ಕೈತಪ್ಪಿದೆ, ಹಿಡಿದವರು ಬಿದ್ದಿದ್ದಾರೆ. ತಗ್ಗಿನ ಎಚ್ಚರಿಕೆಯೂ ಬಿದ್ದ ಸುದ್ದಿಯೂ ಒಂದರ ಹಿಂದೆ ಒಂದು ಅವಳ ಕಣ್ಣೆದುರಿಗೇ ಊರಿಗೆಲ್ಲ ಹೋದವು.

“ಯಾಕ ಹಿಂಗ ನಿಂತಿ? ಹೋಳಿಗಿ ಹೆಚ್ಚಾತೇನು?” ಅವ್ವ ಕೇಳಿದಳು.

ಬೆನ್ನಿನ ಮೇಲೆ ಗುದ್ದು ಬಿದ್ದ ಜಾಗ ಇನ್ನೂ ಬಿಸಿಯಾಗಿಯೇ ಇತ್ತು.

ಪೈಪಿನ ಕೆಲಸದವರು ಅಗೆದು, ಪೈಪು ಒಡೆದು, ಮುಚ್ಚದೆ ಬಿಟ್ಟ ತಗ್ಗು ಅದು. ದಾವಲಸಾಬ ಅದರ ಅಂಚಿಗೆ ಬಂದಾಗ ಕೋಲು ಕಿವಿಯಲ್ಲಿ ‘ಹಸನ’ ಅಂದಿತ್ತು. ಎದುರಿಗೇ ಚಹಾದಂಗಡಿ, ನೋಡುತ್ತಾ ಕೂತವರು ಐದಾರು ಮಂದಿ. ಮೊದಲಾಗಿದ್ದರೆ ಯಾರಾದರೂ ಓಡಿ ಬಂದು ತೋಳು ಹಿಡಿಯುತ್ತಿದ್ದರು. ಕಣ್ಗೋಲು ಬಂದ ಮೇಲೆ ಆ ರೂಢಿ ತಪ್ಪಿತ್ತು. ಹಿಡಿಯಲು ಹೋದರೆ ‘ಬಿಡ್ರಿ, ಕೋಲೈತಿ’ ಅಂತ ಇವರೇ ಕೈ ಕೊಸರಿಕೊಳ್ಳುತ್ತಿದ್ದರಲ್ಲ. ಚಹಾದಂಗಡಿಯವನು ಆಮೇಲೆ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಕೋಲು ಹೇಳತೈತಿ ಅಂತ ಸುಮ್ಮನಿದ್ದೆ. ತೊಡೆಯ ಎಲುಬು ಮುರಿಯಿತು, ಮಂಡಿ ಚೂರಾಯಿತು. ರಾಡು ಹಾಕಿದರು. ನಡೆದಾರು, ಆದರೆ ಇನ್ನು ನೆಲದ ಮೇಲೆ ಕೂರಲು ಆಗುವುದಿಲ್ಲ ಅಂದರು ಡಾಕ್ಟರು. ಗಾದಿ ಹೊಲಿಯುವುದು ನೆಲದ ಮೇಲೆ, ಗಾದಿಯ ಮೇಲೇ ಕೂತು, ಮಂಡಿಯಿಂದ ಅರಳೆ ಒತ್ತುತ್ತಾ.

ಕಣ್ಗೋಲಿನ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಏನಾದರೂ ಅನಾಹುತವಾದರೆ ತಪ್ಪನ್ನು ಹುಡುಕಬೇಕು, ತಪ್ಪಿತಸ್ಥರನ್ನು ಹುಡುಕಬಾರದು. ಹಾಗಿದ್ದರೆ ಮಾತ್ರ ಎಲ್ಲರೂ ನಿಜ ಹೇಳುತ್ತಾರೆ ಎಂದು. ಒಳ್ಳೆಯ ಪದ್ಧತಿಯೇ, ಅದನ್ನು ತಂದವಳೂ ನೀಲಾನೇ. ಆ ವಾರ ನಡೆದದ್ದನ್ನು ಬರೆಯುವ ಸರದಿ ಅವಳಿಗೇ ಬಂತು. ಪಾಲಿಟೆಕ್ನಿಕ್ಕಿನ ಕೋಣೆಯಲ್ಲಿ, ಸರ್ವರಿನ ಗುಂಯ್ ಸದ್ದಿನ ನಡುವೆ, ಮುರಿದ ಬೆಂಚಿನ ಮೇಲೆ ಕೂತು ಬರೆದಳು. ‘ಬರ್ತೀನಿ ಎಂದು ಟೈಪ್ ಆಯಿತು. ಪಹರೆ ಬಿಡುಗಡೆ ಆಗಲಿಲ್ಲ. ಡಿಸ್ಕು ತುಂಬಿತು.’ ಓದಿ ನೋಡಿದಳು. ಎಲ್ಲವೂ ತಾನೇ ಆಗಿತ್ತು, ಮಾಡಿದವರು ಯಾರೂ ಇರಲಿಲ್ಲ. ನಮ್ಮ ಮಾತೇ ಹಾಗೆ ನೋಡಿ, ಕೈಯಿಂದ ಲೋಟ ಜಾರಿದರೂ ‘ಬಿತ್ತು’ ಅಂತೀವಿ, ‘ಬೀಳಿಸಿದೆ’ ಅನ್ನುವುದಿಲ್ಲ. ಅವಳು ಅಳಿಸಿ, ‘ನಾನು ಬರ್ತೀನಿ ಎಂದು ಟೈಪ್ ಮಾಡಿದೆ, ತಪ್ಪೆಂದು ಗೊತ್ತಿದ್ದೂ ಹಾಗೇ ಬಿಟ್ಟೆ’ ಎಂದು ಬರೆದಳು.

ಲೋಬೋ ಕೂಡಲೇ ಫೋನ್ ಮಾಡಿದರು. “ಎಂತದು ನೀಲಾ, ಇಷ್ಟೆಲ್ಲ ಮೈಮೇಲೆ ಹಾಕಿಕೊಳ್ಳುವುದು ಬೇಡ ಮಾರಾಯ್ರೆ. ಹವಾಲ್ದಾರನನ್ನು ಸರಿ ಮಾಡುವ, ಮುಗಿಯಿತು. ನಮಗೆ ಯಾರಿಗೂ ಸಂಬಳ ಇಲ್ಲ. ಕೋಲು ಕೊಡುವಾಗಲೇ ಹೇಳಿದ್ದೇವಲ್ಲ, ಇದಕ್ಕೆ ಯಾವ ಖಾತ್ರಿಯೂ ಇಲ್ಲ ಅಂತ.”

“ಹೌದು ಸರ್, ಹೇಳೀವಿ.”

“ಹಾಗಾದರೆ ಮತ್ತೆಂತ?”

ಗುಂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಸಮಾಧಾನ ಹೇಳಿದರು. ಒಬ್ಬರಾದರೂ ಬೈಯಲಿ ಎಂದು ಅವಳು ಕಾದಳು. ಬಿಟ್ಟಿ ದುಡಿಯುವವಳನ್ನು ಯಾರು ಬೈದಾರು? ಬೈಯಬೇಕಾದವರ ಬಾಯಿ ಮಾತ್ರ ಮುಚ್ಚಿತ್ತು. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ದಾವಲಸಾಬರ ದನಿ ಗುಂಪಿಗೆ ಬರಲೇ ಇಲ್ಲ. ಹಳೆಯದನ್ನು ತೆಗೆದು ಕೇಳಿದಳು. ‘ಗೊತ್ತಿಲ್ಲಂದ್ರ ಬಾಯಿ ಮುಚ್ಚಿಕೊಂಡು ಇರಾಕ ಏನು ಧಾಡಿ?’ ಆ ಮಾತಿನಲ್ಲಿ ನಗೆಯೇ ಹೆಚ್ಚಾಗಿತ್ತು. ಬಾಯಿ ಮುಚ್ಚಿಕೊಂಡಿರು ಅಂದಿದ್ದರು ಅವರು, ಹಸನ ಅನ್ನು ಅಂದಿರಲಿಲ್ಲ. ಅದು ಈಗ ಅವಳಿಗೆ ಕೇಳಿಸಿತು.

ಮನೆಯಲ್ಲಿ ಅನ್ನ ಸೇರದಾಯಿತು. ಮಹಾಂತೇಶ ಕೂಸಿನ ಫೋಟೋ ಕಳಿಸಿದರೆ ತೆರೆದು ನೋಡಲು ಕೈ ಬರುತ್ತಿರಲಿಲ್ಲ. ಅವ್ವನಿಗೆ ಒಂದು ದಿನ ಎಲ್ಲ ಹೇಳಿದಳು. ಅವ್ವ ಕಾಯಿ ತುರಿಯುವುದನ್ನು ನಿಲ್ಲಿಸಿ, ಈಳಿಗೆಯನ್ನು ಪಕ್ಕಕ್ಕೆ ಸರಿಸಿದಳು. “ಅನ್ನು ಅಂದಾಕಿ ನಾನವಾ,” ಅಂದಳು. “ನೀ ಅಂದಿದ್ದು ನನಗ ಕೇಳಲಿ ಅಂತ. ಅದಕ್ಕ ನಿನ್ನ ಬೆರಳ ಯಾಕ ಹೇಳಬೇಕಾಗಿತ್ತು?”

ಕಡೆಗೆ ನೀಲಾ ಒಂದು ತೀರ್ಮಾನಕ್ಕೆ ಬಂದಳು. ಕಣ್ಗೋಲು ಬಿಟ್ಟುಬಿಡುವುದು. ಸರ್ವರಿನ ಕೀಲಿಗಳನ್ನೆಲ್ಲ ಲೋಬೋ ಅವರಿಗೆ ಒಪ್ಪಿಸಿ, ಒಂದೇ ಸಲ ‘ಹೊಂಟೆ’ ಅಂತ ಟೈಪ್ ಮಾಡುವುದು. ಅದಕ್ಕೂ ಮೊದಲು ದಾವಲಸಾಬರಿಗೆ ಮುಖಾಮುಖಿ ಹೇಳಬೇಕು.

ಹಳೇ ಹುಬ್ಬಳ್ಳಿಯ ಆ ಮನೆಯ ಮುಂದಿನ ಕೋಣೆಯಲ್ಲಿ ಅರಳೆಯ ಧೂಳಿನ ವಾಸನೆ ಇತ್ತು, ಅರಳೆ ಇರಲಿಲ್ಲ. ದಾವಲಸಾಬ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು. ಅವರ ಹೆಂಡತಿ ಹಸೀನಾ ಸ್ಟೂಲು ಹಾಕಿ, ಚಹಾ ತರಲು ಒಳಗೆ ಹೋದರು.

“ಕಾಕಾ, ನಾನು ಕಣ್ಗೋಲಿನ ನೀಲಾ.”

“ದನಿ ಗುರ್ತು ಸಿಕ್ತು. ಎಮ್ಮಿನ್ನ ಬಸ್ಸು ಮಾಡಿದಾಕಿ.” ಅವರ ಮುಖ ಮೇಲೆ ತೊಲೆಯ ಕಡೆಗೇ ಇತ್ತು. “ಕೂಡ್ರು.”

ಅವಳು ಕೂಡಲಿಲ್ಲ. ನಿಂತೇ ಹೇಳಿದಳು. ಹೊಸ್ತಿಲು, ಅವ್ವ, ಬರ್ತೀನಿ, ಕಾರು, ತೊಟ್ಟಿಲು, ಕಪಾಟಿನಲ್ಲಿಟ್ಟ ಫೋನು. ‘ಗೊತ್ತಿಲ್ಲ’ವನ್ನು ‘ಹಸನ’ ಮಾಡಿದವಳೂ ತಾನೇ ಅಂದಳು. ಯಾವುದನ್ನೂ ತಾನಾಗಿ ಆದದ್ದು ಅನ್ನಲಿಲ್ಲ.

ದಾವಲಸಾಬ ಮಂಚದ ಅಂಚು ಹಿಡಿದು ತುಸು ಮೇಲೆ ಸರಿದರು. “ಕೂಸಿಗೆ ಏನ ಹೆಸರಿಟ್ಟಿ?”

ಅವಳು ಇದನ್ನು ನಿರೀಕ್ಷಿಸಿರಲಿಲ್ಲ. “ಚಿನ್ಮಯಿ.”

“ಚಿನ್ಮಯಿ.” ಅವರು ಒಮ್ಮೆ ಅಂದು ನೋಡಿದರು. “ಚಲೋ ಐತಿ ಹೆಸರು.”

ನೀಲಾಳ ಕಣ್ಣಿಂದ ನೀರು ಇಳಿಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಿಮ್ಮ ಮಂಗಳೂರಿನವರು ಫೋನ್ ಮಾಡಿದ್ರು,” ದಾವಲಸಾಬ ಮುಂದುವರಿಸಿದರು. “ಚಲೋ ಮನಷ್ಯಾ. ಬ್ಯಾಸರಾ ಮಾಡಿಕೊಬ್ಯಾಡ್ರಿ, ನಾವೆಲ್ಲಾ ಬಿಟ್ಟಿ ಮಾಡೂ ಮಂದಿ ಅಂದ್ರು. ನೀನೂ ಅದನ್ನ ಹೇಳಾಕ ಬಂದಿಯೇನು?”

“ಇಲ್ಲ ಕಾಕಾ.”

“ಬಿಟ್ಟಿ ಕೊಟ್ಟ ಕೋಲು ಅಂತ ನಾ ಅವತ್ತ ಅರ್ಧಾ ಕಾಲ ಇಟ್ಟಿದ್ದಿಲ್ಲವಾ. ಪೂರಾ ಭಾರ ಹಾಕಿ ಇಟ್ಟಿದ್ದೆ.”

ನೀಲಾ ಸ್ಟೂಲಿನ ಮೇಲೆ ಕುಸಿದು ಕೂತಳು. ಅಷ್ಟು ದಿನ ಅವಳು ಕಾದಿದ್ದ ಗುದ್ದು ಇದೇ.

“ನಾನು ಈ ಕೆಲಸ ಬಿಡ್ತೀನಿ ಕಾಕಾ. ನನ್ನ ಕೈಯಾಗ ಇನ್ನ ಇದು ಇರಬಾರದು. ಅದನ್ನ ಹೇಳಿ ಹೋಗಾಕ ಬಂದೆ.”

“ಬಿಟ್ಟು?”

“ಮತ್ತ… ನನಗ ಅದ ಶಿಕ್ಷಾ.”

“ಅದು ಶಿಕ್ಷಾ ಅಲ್ಲ, ಸೂಟಿ.” ಈಗ ಅವರ ದನಿ ಗಟ್ಟಿಯಾಯಿತು, ಹಳೇ ತಕರಾರಿನ ದನಿ, ಆದರೆ ನಗೆ ಇರಲಿಲ್ಲ. “ನೀ ಸೂಟಿ ತಗೊಂಡು ಧಾರವಾಡದಾಗ ಆರಾಮ ಅಳಕೋತ ಕೂಡ್ರತಿ. ನಾ ಇಲ್ಲಿ ಯಾರ ಮ್ಯಾಲ ಸಿಟ್ಟ ಮಾಡ್ಲಿ? ಆ ಕೋಲಿನ ಮ್ಯಾಲೇನು? ಮಾಫಿ ಕೇಳಾಕ ಬಂದಿದ್ರ ಈಗ ನನ್ನ ಹತ್ರ ಇಲ್ಲ. ಸುಳ್ಳ ಹೇಳಂಗಿಲ್ಲ.”

ಹಸೀನಾ ಚಹಾ ತಂದರು. ಕುಡಿಯದೆ ಇರಲಾಗದು, ಕುಡಿಯಲೂ ಆಗದು. ಹೇಗೋ ಮುಗಿಸಿ ನೀಲಾ ಎದ್ದಳು. ಬಾಗಿಲ ಹತ್ತಿರ ಬಂದಾಗ ಎಂದೂ ಆಗದ ಒಂದು ಪೇಚು ಎದುರಾಯಿತು. ಏನೆಂದು ಹೇಳಿ ಹೋಗುವುದು? ಮುರಿದ ಕಾಲಿನವರ ಮುಂದೆ ‘ಹೊಂಟೆ’ ಅನ್ನಲು ಬಾಯಿ ಬರಲಿಲ್ಲ. ಉಳಿದದ್ದು ಇನ್ನೊಂದೇ ಮಾತು.

“ಬರ್ತೀನಿ, ಕಾಕಾ,” ಅಂದಳು ಮೆಲ್ಲಗೆ.

“ಯಾವಾಗ?”

ಅವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಎಷ್ಟು ಮನೆಗಳ ಬಾಗಿಲಲ್ಲಿ ಆ ಮಾತು ಹೇಳಿದ್ದಾಳೋ, ಒಬ್ಬರೂ ಹೀಗೆ ಕೇಳಿರಲಿಲ್ಲ.

“ಬರೂ ಐತವಾರ,” ಅಂದಳು. “ಸಂಜಿ ಐದಕ್ಕ.”

“ಹಸೀನಾ, ಕೇಳಿದೇನು? ಐತವಾರ, ಐದಕ್ಕ,” ಅಂದರು ದಾವಲಸಾಬ, ಗೋಡೆಯ ಕಡೆ ಮುಖ ತಿರುಗಿಸಿ.

ನೀಲಾ ಕೀಲಿಗಳನ್ನು ಯಾರಿಗೂ ಒಪ್ಪಿಸಲಿಲ್ಲ. ಮೊದಲು ಕೋಲಿನ ಬಾಯಿಗೆ ‘ಗೊತ್ತಿಲ್ಲ’ವನ್ನು ವಾಪಸ್ ಕೊಟ್ಟಳು. ಆಮೇಲೆ ಹವಾಲ್ದಾರನಿಗೆ ನಾಲ್ಕನೆಯ ಮಾತು ಕಲಿಸಿದಳು. ಈಗ ಯಾರು ‘ಬರ್ತೀನಿ’ ಎಂದು ಟೈಪ್ ಮಾಡಿದರೂ ಅವನು ‘ಯಾವಾಗ?’ ಅಂತ ಕೇಳುತ್ತಾನೆ, ಹೇಳಿದ ಹೊತ್ತು ಮೀರಿದರೆ ಮುಂದಿನವರನ್ನು ಎಬ್ಬಿಸುತ್ತಾನೆ. “ಇವನೆಂತ ಮಾರಾಯ್ರೆ, ನನ್ನ ಹೆಂಡತಿಯ ಹಾಗೆ ಕೇಳ್ತಾನೆ,” ಅಂದರು ಲೋಬೋ. ನೀಲಾ ನಗಲಿಲ್ಲ.

ಐತವಾರ ಹೋದಳು. ಮುಂದಿನದಕ್ಕೂ ಹೋದಳು. ಕೆಲವು ಸಲ ದಾವಲಸಾಬ ಮಾತಾಡುತ್ತಿದ್ದರು, ಕೆಲವು ಸಲ ಗೋಡೆಯ ಕಡೆ ತಿರುಗಿಯೇ ಇರುತ್ತಿದ್ದರು. ಹಸೀನಾ ಮಾತ್ರ ಪ್ರತಿ ಸಲ ಚಹಾ ಕೊಟ್ಟು, ಕೂಸು ಹೇಗಿದೆ ಎಂದು ಕೇಳುತ್ತಿದ್ದರು. ಮಾಫಿಯ ಮಾತು ಯಾರೂ ಎತ್ತಲಿಲ್ಲ.

ಮಳೆ ಹಿಂದಾದ ಮೇಲೆ ಡಾಕ್ಟರು ಹೊರಗೆ ನಡೆಯಬಹುದು ಅಂದರು. ಕಣ್ಗೋಲು ಮೂಲೆಯಲ್ಲಿ ಒರಗಿತ್ತು. ದಾವಲಸಾಬ ಅದನ್ನು ಕೇಳಲಿಲ್ಲ. ಮಂಚದಿಂದ ಎದ್ದು ಕೈ ಚಾಚಿದರು. ನೀಲಾ ಭುಜ ಕೊಟ್ಟಳು. ಇಬ್ಬರೂ ಓಣಿಗೆ ಇಳಿದರು. ಚಹಾದಂಗಡಿಯವನು ಎದ್ದು ನಿಂತ.

ಆ ತಗ್ಗು ಯಾವಾಗಲೋ ಮುಚ್ಚಿ ಡಾಂಬರು ಹಾಕಿದ್ದರು. ಒಂದು ಕಪ್ಪು ತೇಪೆ, ಅಷ್ಟೇ. ಅದರ ಅಂಚಿಗೆ ಬರುತ್ತಲೇ ದಾವಲಸಾಬ ನಿಂತರು. ಯಾರೂ ಹೇಳದಿದ್ದರೂ ಅವರಿಗೆ ಗೊತ್ತಾಗಿತ್ತು.

“ಹಸನೈತೇನು?” ಅಂದರು.

ನೀಲಾ ನೋಡಿದಳು. ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಸಾಲದು ಅನ್ನಿಸಿತು. ಅವರ ಕೈಯನ್ನು ಗೋಡೆಗೆ ಹಿಡಿಸಿ, ತಾನೇ ತೇಪೆಯ ಮೇಲೆ ಹೋಗಿ, ಒಂದೊಂದು ಕಡೆಯೂ ಗಟ್ಟಿಯಾಗಿ ತುಳಿದು ಬಂದಳು. ಮತ್ತೆ ಭುಜ ಕೊಟ್ಟಳು.

“ಹಸನೈತಿ, ಕಾಕಾ.”

ದಾವಲಸಾಬ ಕಾಲೆತ್ತಿದರು. ಅರ್ಧವೇ ಇಟ್ಟರು.